ರಾತ್ರಿ ಆಟದ ಚಿತ್ರಗಳು: ಮುಖವೆಲ್ಲ ಬಿಳಿ, ಕಸೆಯೆಲ್ಲ ಕೆಂಪು ಮುದ್ದೆ

ಕೋಟೇಶ್ವರದ ಮೇಷ್ಟ್ರು:

ನಮ್ಮ ಮನೆಯೆದುರಿನ ಕಟಾವಾದ ಗದ್ದೆಯಲ್ಲಿ ಕಳೆದ ವಾರ ಯಕ್ಷಗಾನದ ಹರಕೆ ಆಟವಿತ್ತು. ಎರಡು ತಿಂಗಳ ಹಿಂದೆ ಕೊಂಡ 24 ಮೆಗಾಪಿಕ್ಸೆಲ್‌ನ ಮಿರರ್‌ಲೆಸ್ ಕ್ಯಾಮೆರಾ ಹಿಡಿದು ಎರಡನೆಯ ಸಾಲಿನಲ್ಲಿ ಕುಳಿತು, ಬೆಳಗಾಗುವವರೆಗೆ ಆರುನೂರಕ್ಕೂ ಹೆಚ್ಚು ಚಿತ್ರ ತೆಗೆದೆ. ಮರುದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ನಾಲ್ಕು ಜನರಿಗೆ ತೋರಿಸುವಂಥವು ಹತ್ತೂ ಇಲ್ಲ.

ದೋಷಗಳು ಹೀಗಿವೆ. ಪುರುಷವೇಷಗಳ ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದೆ. ಮೇಕಪ್ಪಿನ ಗೆರೆ, ಹಣೆಯ ನಾಮ ಯಾವುದೂ ಉಳಿದಿಲ್ಲ. ಕೆಂಪು-ಹಳದಿ ಚೌಕುಳಿಯ ಕಸೆ ಸೀರೆಯಲ್ಲಿ ಚೌಕುಳಿಯೇ ಕಾಣದೆ, ಬರೀ ಕೆಂಪು ಮುದ್ದೆಯಾಗಿದೆ. ಕೈ ಬೀಸಿದ ಕಡೆಯೆಲ್ಲ ಬೆರಳುಗಳು ಹೊಗೆಯಂತಾಗಿವೆ. ಇನ್ನು ಎಷ್ಟೋ ಚಿತ್ರಗಳಲ್ಲಿ ಎಡದಿಂದ ಬಲಕ್ಕೆ ಕಪ್ಪು ಪಟ್ಟಿಗಳು ಬಂದಿವೆ. ಅಕ್ಕಪಕ್ಕದವರಿಗೆ ತೊಂದರೆಯಾಗಬಾರದೆಂದು ಸದ್ದಿಲ್ಲದ ಶಟರನ್ನೇ ಬಳಸಿದ್ದೆ. ಲೆನ್ಸ್ ಕ್ಯಾಮೆರಾದ ಜೊತೆಯಲ್ಲೇ ಬಂದ 18-55 ಮಿ.ಮೀ. ಜೂಮ್. ಎಲ್ಲವೂ ಆಟೊದಲ್ಲಿತ್ತು, ಹೆಚ್ಚಿನ ಚಿತ್ರಗಳಲ್ಲಿ ಅದು ಆರಿಸಿಕೊಂಡದ್ದು ಶಟರ್ 1/60 ಸೆಕೆಂಡ್, ಲೆನ್ಸಿನ ತೆರಪು ಎಫ್ 5.6, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ ಐಎಸ್‌ಒ 12800. ಮುಂದಿನ ತಿಂಗಳು ಪಕ್ಕದೂರಿನಲ್ಲಿ ಮತ್ತೊಂದು ಆಟವಿದೆ. ಅಷ್ಟರೊಳಗೆ ಏನನ್ನು ಬದಲಿಸಬೇಕು, ಕ್ಯಾಮೆರಾವನ್ನೋ ನನ್ನನ್ನೋ ಎಂಬುದನ್ನು ಬಲ್ಲವರು ತಿಳಿಸಬೇಕು.

ಹಳೇ ಸ್ಟುಡಿಯೊ:

ಮೇಷ್ಟ್ರೇ, ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ನಿಮ್ಮ ಚಿತ್ರದ ಮುಕ್ಕಾಲು ಭಾಗ ಕತ್ತಲೆ. ರಂಗಸ್ಥಳದ ಹಿಂದಿನ ಕರಿಪರದೆ ಮತ್ತು ಅದರಾಚೆಯ ಗದ್ದೆ. ಬೆಳಕು ಅಳೆಯುವ ಮೀಟರಿಗೆ ಅದು ಕತ್ತಲೆ ಎಂದು ಗೊತ್ತಿಲ್ಲ. ಚೌಕಟ್ಟಿನೊಳಗಿರುವುದನ್ನೆಲ್ಲ ಸರಾಸರಿ ಮಾಡಿ ನಡುವಣ ಬೂದು ಬಣ್ಣಕ್ಕೆ ತಂದು ನಿಲ್ಲಿಸುವುದಷ್ಟೇ ಅದರ ಕೆಲಸವಾದ್ದರಿಂದ, ಕರಿಪರದೆಯನ್ನು ಬೂದು ಮಾಡಲು ಹೋಗಿ ನಡುವೆ ನಿಂತ ವೇಷಧಾರಿಯ ಮುಖವನ್ನು ಸುಟ್ಟುಹಾಕಿದೆ. ನನ್ನ ಲೆಕ್ಕದಲ್ಲಿ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾದಂತೆ) ಬೆಳಕು ಹೆಚ್ಚಾಗಿದೆ. ಎಂದರೆ ಐಎಸ್‌ಒ 12800 ಬೇಕಿರಲಿಲ್ಲ, 4500ರ ಆಸುಪಾಸಿನಲ್ಲೇ ಮುಖ ಸರಿಯಾಗಿ ಬರುತ್ತಿತ್ತು.

ಬಯಲಾಟದಲ್ಲಿ ಒಂದು ಅನುಕೂಲವಿದೆ. ಸಭಾಂಗಣದ ನಾಟಕದಂತೆ ಇಲ್ಲಿ ದೃಶ್ಯಕ್ಕೊಂದು ಬೆಳಕು ಇರುವುದಿಲ್ಲ. ಸಂಜೆ ಕಟ್ಟಿದ ದೀಪ ಮಂಗಳದವರೆಗೆ ಹಾಗೇ ಉರಿಯುತ್ತದೆ. ಆದ್ದರಿಂದ ಪೂರ್ವರಂಗದಲ್ಲಿ ಬಾಲಗೋಪಾಲ ವೇಷಗಳು ಕುಣಿಯುತ್ತಿರುವಾಗ, ಜನ ಇನ್ನೂ ಚಾಪೆ ಹಾಸುತ್ತ ಕಡಲೆ ಕೊಳ್ಳುತ್ತ ಇರುವಾಗಲೇ, ನೀವು ನಿಮ್ಮ ಲೆಕ್ಕ ಮುಗಿಸಿಕೊಳ್ಳಬೇಕು. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ತಿರುಗಿಸಿ, ಒಂದು ಮುಖದ ಚಿತ್ರ ತೆಗೆದು, ಪರದೆಯ ಮೇಲೆ ದೊಡ್ಡದು ಮಾಡಿ ನೋಡಿ. ಕೆನ್ನೆಯ ಬಣ್ಣ ಮತ್ತು ಹಣೆಯ ಗೆರೆ ಬೇರೆಬೇರೆಯಾಗಿ ಕಂಡರೆ ಆ ಅಂಕಿಗಳನ್ನು ಹಾಗೆಯೇ ಬಿಟ್ಟುಬಿಡಿ, ಬೆಳಗಿನವರೆಗೆ ಮುಟ್ಟಬೇಡಿ. ಕಿರೀಟದ ಬೇಗಡೆ, ಭುಜಕೀರ್ತಿಯ ಕನ್ನಡಿ ಚೂರು ಇವೆಲ್ಲ ಅಲ್ಲಲ್ಲಿ ಬಿಳಿ ಚುಕ್ಕಿಯಾಗಿ ಹೊಳೆದರೆ ಹೊಳೆಯಲಿ. ಅವು ಹೊಳೆಯಬೇಕಾದ ವಸ್ತುಗಳೇ. ಅವುಗಳಿಗಾಗಿ ಮುಖವನ್ನು ಕಪ್ಪು ಮಾಡಬಾರದು.

ಎರಡನೆಯದು ಲೆನ್ಸು. ಎಫ್ ಅಂಕಿ ಸಣ್ಣದಾದಷ್ಟೂ ಲೆನ್ಸ್ ಹೆಚ್ಚು ತೆರೆದಿರುತ್ತದೆ. ನಿಮ್ಮದು 55ರ ತುದಿಯಲ್ಲಿ ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್ 1.8ರ 50 ಮಿ.ಮೀ. ಲೆನ್ಸ್ ಅದರ ಸುಮಾರು ಹತ್ತರಷ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಲ್ಲ ಕಂಪನಿಗಳ ಪಟ್ಟಿಯಲ್ಲಿಯೂ ಕಡಿಮೆ ಬೆಲೆಗೆ ಸಿಗುವ ಲೆನ್ಸುಗಳಲ್ಲಿ ಅದೂ ಒಂದು, ಹಳೆಯದಾದರೂ ಅಡ್ಡಿಯಿಲ್ಲ. ನಾವು ಫಿಲ್ಮಿನ ಕಾಲದಲ್ಲಿ 400ರ ರೋಲು ಹಾಕಿ, ಅದನ್ನು 1600 ಎಂದೇ ಬಗೆದು ತೆಗೆದು, ಡೆವಲಪ್ ಮಾಡುವಾಗ ಹೆಚ್ಚು ಹೊತ್ತು ಇಟ್ಟು ರಾತ್ರಿ ಆಟದ ಚಿತ್ರ ಎಬ್ಬಿಸುತ್ತಿದ್ದೆವು; ರೋಲಿನಲ್ಲಿ ಇದ್ದದ್ದೇ 36 ಚಿತ್ರ. ಆರುನೂರು ಚಿತ್ರ ಎಂದು ಓದಿದಾಗ ಸ್ವಲ್ಪ ಹೊಟ್ಟೆ ಉರಿದದ್ದು ನಿಜ.

ಐವತ್ತು ಹರ್ಟ್ಸ್:

ಕಪ್ಪು ಪಟ್ಟಿಯ ಬಗ್ಗೆ ನಾನು ಹೇಳುತ್ತೇನೆ, ಏಕೆಂದರೆ ಅದು ಫೋಟೊಗ್ರಫಿಯ ತೊಂದರೆಯಲ್ಲ, ವಿದ್ಯುತ್ತಿನ ತೊಂದರೆ.

ನಮ್ಮಲ್ಲಿ ವಿದ್ಯುತ್ ಸೆಕೆಂಡಿಗೆ 50 ಬಾರಿ ಹಿಂದುಮುಂದಾಗುತ್ತದೆ. ಪ್ರತಿ ಆವರ್ತದಲ್ಲಿ ಎರಡು ಸಲ ಏರಿ ಇಳಿಯುವುದರಿಂದ ದೀಪ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಹಳೆಯ ಹ್ಯಾಲೊಜನ್ ದೀಪದ ತಂತಿ ಕಾದೇ ಇರುತ್ತಿದ್ದುದರಿಂದ ಆ ಏರಿಳಿತ ಅಷ್ಟಾಗಿ ತಿಳಿಯುತ್ತಿರಲಿಲ್ಲ, ಗ್ಯಾಸ್ ಲೈಟಿನ ಕಾಲದಲ್ಲಂತೂ ಈ ಪ್ರಶ್ನೆಯೇ ಇರಲಿಲ್ಲ. ಈಗ ರಂಗಸ್ಥಳದ ಕಂಬಗಳಿಗೆ ಕಟ್ಟುವ ಅಗ್ಗದ ಎಲ್‌ಇಡಿ ಫ್ಲಡ್‌ಲೈಟುಗಳಲ್ಲಿ ವಿದ್ಯುತ್ತನ್ನು ಸಮನಾಗಿಸುವ ಭಾಗ ಸರಿಯಾಗಿರುವುದಿಲ್ಲ. ಕಣ್ಣಿಗೆ ಬೆಳಕು ಸ್ಥಿರವಾಗಿ ಕಂಡರೂ ಅದು ನಿಜಕ್ಕೂ ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಬೆಳಗುತ್ತಿರುತ್ತದೆ.

ಸದ್ದಿಲ್ಲದ ಶಟರಿನಲ್ಲಿ ಯಾವ ಪರದೆಯೂ ಚಲಿಸುವುದಿಲ್ಲ. ಸೆನ್ಸರಿನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದರಂತೆ ಓದಲಾಗುತ್ತದೆ. ನಮ್ಮಂಥವರ ಕ್ಯಾಮೆರಾಗಳಲ್ಲಿ ಅಷ್ಟೂ ಸಾಲುಗಳನ್ನು ಓದಿ ಮುಗಿಸುವಷ್ಟರಲ್ಲಿ ದೀಪ ಹಲವು ಸಲ ಮಿನುಗಿರುತ್ತದೆ. ದೀಪ ಬೆಳಗಿದಾಗ ತೆರೆದ ಸಾಲುಗಳಿಗೆ ಹೆಚ್ಚು ಬೆಳಕು, ಮಂಕಾದಾಗ ತೆರೆದವಕ್ಕೆ ಕಡಿಮೆ. ಅದೇ ನಿಮ್ಮ ಪಟ್ಟಿ. ಮೆಕ್ಯಾನಿಕಲ್ ಶಟರಿಗೆ ಬದಲಿಸಿದರೆ ಇದು ತಗ್ಗುತ್ತದೆ, ಆದರೆ 1/250, 1/500ರಂಥ ವೇಗಗಳಲ್ಲಿ ಒಂದು ಚಿತ್ರ ಕಪ್ಪು, ಇನ್ನೊಂದು ಬಿಳಿ, ಮತ್ತೊಂದರ ಅರ್ಧ ಮಂಕು ಎಂಬಂತಾಗುವುದು ತಪ್ಪುವುದಿಲ್ಲ.

ಪರಿಹಾರ ಸುಲಭ. ಶಟರನ್ನು 1/100ಕ್ಕೋ 1/50ಕ್ಕೋ ಇಡಿ. ಆಗ ಪ್ರತಿಯೊಂದು ಸಾಲಿಗೂ ಒಂದು ಅಥವಾ ಎರಡು ಪೂರ್ತಿ ಮಿನುಗು ಸಿಗುವುದರಿಂದ ಎಲ್ಲ ಸಾಲುಗಳೂ ಒಂದೇ ಸಮನಾಗಿ ಬರುತ್ತವೆ, ಶಟರ್ ಸದ್ದಿಲ್ಲದ್ದೇ ಆಗಿದ್ದರೂ ಸರಿ. ನಿಮ್ಮ 1/60 ಈ ಎರಡಕ್ಕೂ ಹೊಂದುವುದಿಲ್ಲ. ಅಲ್ಲಿ ಒಂದು ಮಿನುಗು ಮುಗಿದು ಎರಡನೆಯದರ ಅರ್ಧದಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. ಜನರೇಟರ್ ಓಡುತ್ತಿದ್ದರೆ ಅದು ಸರಿಯಾಗಿ 50ರಲ್ಲಿಯೇ ಇರುವುದಿಲ್ಲ, ಆದರೂ ಹತ್ತಿರದಲ್ಲಿರುವುದರಿಂದ ಉಳಿದ ಪಟ್ಟಿ ಕಣ್ಣಿಗೆ ಬೀಳುವುದು ಕಡಿಮೆ.

ಕೋಟೇಶ್ವರದ ಮೇಷ್ಟ್ರು:

ಇಬ್ಬರಿಗೂ ಧನ್ಯವಾದಗಳು. ಆದರೆ ನನಗೆ ಒಂದು ಗೊಂದಲ ಉಳಿಯಿತು. 1/60ರಲ್ಲಿ ಬೆರಳುಗಳು ಹೊಗೆಯಾದವು ಎಂದು ನಾನು ದೂರಿದರೆ ನೀವು 1/100ಕ್ಕೆ ನಿಲ್ಲಿ ಎನ್ನುತ್ತೀರಿ. ಇದರಿಂದ ಎಷ್ಟು ಲಾಭ? ಮಂಡಿ ಹಾಕುವ, ಎಂದರೆ ಮೊಣಕಾಲೂರಿ ಗಿರಗಿರನೆ ತಿರುಗುವ ಕಲಾವಿದರನ್ನು 1/100ರಲ್ಲಿ ಹಿಡಿಯಲು ಸಾಧ್ಯವೇ?

ಚಂಡೆಯವ:

ನಾನು ಫೋಟೊ ತೆಗೆಯುವವನಲ್ಲ. ಹಿಮ್ಮೇಳದಲ್ಲಿ ನಿಂತು ಹದಿನೆಂಟು ವರ್ಷಗಳಿಂದ ಫೋಟೊ ತೆಗೆಯುವವರನ್ನು ನೋಡುತ್ತಿರುವವನು. ಹೀಗಾಗಿ ಎರಡು ಮಾತು.

ಮೊದಲನೆಯದು, ಫ್ಲ್ಯಾಶ್ ದಯವಿಟ್ಟು ಬೇಡ. ವೇಷಧಾರಿ ಹತ್ತಾರು ಮಂಡಿ ತಿರುಗಿ ಎದ್ದು ನಿಲ್ಲುವಾಗ ಅವನ ಕಣ್ಣು ಒಂದು ಗುರುತನ್ನು ಹುಡುಕುತ್ತಿರುತ್ತದೆ. ಸಾಮಾನ್ಯವಾಗಿ ಎದುರಿನ ಒಂದು ದೀಪ ಅಥವಾ ಕಂಬ. ಆ ಕ್ಷಣಕ್ಕೆ ಮುಖಕ್ಕೆ ಮಿಂಚು ಹೊಡೆದರೆ ನೆಲ ಎಲ್ಲಿದೆ ಎಂಬುದೇ ತಪ್ಪಿಹೋಗುತ್ತದೆ. ನಮ್ಮ ಮೇಳದಲ್ಲೊಮ್ಮೆ ಹೀಗಾಗಿ, ಅನುಭವಸ್ಥ ಕಲಾವಿದರೊಬ್ಬರು ತಾಳ ತಪ್ಪದಿದ್ದರೂ ದಿಕ್ಕು ತಪ್ಪಿ ನನ್ನ ಕಡೆಗೆ ಮುಖ ಮಾಡಿ ನಿಂತುಬಿಟ್ಟರು. ಸಭೆ ನಕ್ಕಿತು. ಅವರು ಆ ರಾತ್ರಿ ಮತ್ತೆ ಮಂಡಿ ಹಾಕಲಿಲ್ಲ.

ಎರಡನೆಯದು ಮೇಷ್ಟ್ರ ಪ್ರಶ್ನೆಗೆ ಸಂಬಂಧಿಸಿದ್ದು. ನೀವೆಲ್ಲ ಕಣ್ಣಿನಿಂದ ನೋಡಿ ಗುಂಡಿ ಒತ್ತುತ್ತೀರಿ. ಕಣ್ಣಿಗೆ ಭಂಗಿ ಕಂಡಾಗ ಅದು ಮುಗಿದಿರುತ್ತದೆ. ಕುಣಿತ ನಡೆಯುವುದು ತಾಳದ ಮೇಲೆ. ಪದ್ಯದ ಕೊನೆಗೆ ಮುಕ್ತಾಯ ಬಾರಿಸುತ್ತೇವೆ, ಅದರ ಕೊನೆಯ ಪೆಟ್ಟಿಗೆ ವೇಷ ಕಾಲೂರಿ, ಎದೆಯೆತ್ತಿ, ಒಂದು ಉಸಿರಿನಷ್ಟು ಹೊತ್ತು ಕದಲದೆ ನಿಲ್ಲುತ್ತದೆ. ಗೆಜ್ಜೆಯ ಸದ್ದೂ ಆಗ ನಿಂತಿರುತ್ತದೆ. ಅರ್ಧ ಗಂಟೆ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟು ಬರೀ ಕೇಳಿ. ಯಾವ ತಾಳದ ಮುಕ್ತಾಯ ಹೇಗೆ ಬರುತ್ತದೆ ಎಂಬುದು ಕಿವಿಗೆ ಹತ್ತುತ್ತದೆ. ಆಮೇಲೆ ಕೊನೆಯ ಪೆಟ್ಟಿನ ಜೊತೆಗೇ ನಿಮ್ಮ ಬೆರಳು ಇಳಿಯಲಿ. ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಂದಿರು ಸರಿಯಾಗಿ ಅದೇ ಪೆಟ್ಟಿಗೆ ತಲೆದೂಗುತ್ತಾರೆ, ಗಮನಿಸಿದ್ದೀರೋ ಇಲ್ಲವೋ.

ಹಳೇ ಸ್ಟುಡಿಯೊ:

ಚಂಡೆಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. 36 ಚಿತ್ರಗಳ ರೋಲು ನಮಗೆ ಕಾಯುವುದನ್ನು ಕಲಿಸಿದ್ದು ಬಡತನದಿಂದ. ತಾಳವೆಂಬ ಈ ಕಾರಣ ನನಗೆ ಹೊಳೆದಿರಲಿಲ್ಲ. ಜೊತೆಗೆ ಅರ್ಥಗಾರಿಕೆಯ ಹೊತ್ತನ್ನು ಮರೆಯಬೇಡಿ. ಮಾತು ಬೆಳೆಯುತ್ತಿರುವಾಗ ದೇಹ ಹೆಚ್ಚು ಅಲುಗುವುದಿಲ್ಲ, ಮುಖ ಮಾತ್ರ ಆಡುತ್ತಿರುತ್ತದೆ. ಎದುರು ಪಾತ್ರಧಾರಿ ಉತ್ತರ ಕೊಡುತ್ತಿರುವಾಗ ಕೇಳಿಸಿಕೊಳ್ಳುತ್ತಿರುವವನ ಮುಖ ನೋಡಿ. ಅಲ್ಲಿ 1/50 ಕೂಡ ಸಾಕು.

ಪುತ್ತೂರಿನವಳು:

ನಾನು ಸ್ವಲ್ಪ ಭಿನ್ನಾಭಿಪ್ರಾಯ ಹೇಳಬೇಕು. ನಿಮ್ಮ ಕಡೆಯ ಬಡಗು ಶೈಲಿಯ ಆಟಕ್ಕೆ ಈ ಸಲಹೆ ಹೊಂದೀತು. ನಮ್ಮ ತೆಂಕು ಶೈಲಿಯ ಧೀಂಗಿಣವನ್ನು ಮುಕ್ತಾಯದಲ್ಲಿ ಹಿಡಿದರೆ ಧೀಂಗಿಣವೇ ಇರುವುದಿಲ್ಲ. ಗಾಳಿಯಲ್ಲಿ ಸುತ್ತುವುದೇ ಅಲ್ಲಿನ ವಿಷಯ. ನಾನು ಅಂಥ ಪ್ರಸಂಗದಲ್ಲಿ ಎಫ್ 1.8, ಐಎಸ್‌ಒ 3200 ಇಟ್ಟು 1/500ಕ್ಕೆ ಹೋಗುತ್ತೇನೆ. ಬೆಳಕು ಮಿನುಗುವುದರಿಂದ ಹತ್ತರಲ್ಲಿ ನಾಲ್ಕು ಚಿತ್ರ ಹಾಳಾಗುತ್ತವೆ ಎಂದು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೇನೆ. ಕೆಲವು ಕ್ಯಾಮೆರಾಗಳಲ್ಲಿ ಮಿನುಗನ್ನು ಗುರುತಿಸಿ, ದೀಪ ತುತ್ತತುದಿಯಲ್ಲಿ ಬೆಳಗುವ ಕ್ಷಣಕ್ಕೇ ಶಟರ್ ಬಿಡುವ ಸೌಲಭ್ಯವಿದೆ. 2014ರಲ್ಲಿ ಕ್ಯಾನನ್ 7ಡಿ ಮಾರ್ಕ್ 2ರಲ್ಲಿ ಬಂದ ಮೇಲೆ ಬೇರೆಯವರೂ ಅದನ್ನು ಕೊಟ್ಟಿದ್ದಾರೆ. ಮೇಷ್ಟ್ರು ತಮ್ಮ ಮೆನುವಿನಲ್ಲಿ ಒಮ್ಮೆ ಹುಡುಕಬೇಕು. ಆಗ ಗುಂಡಿ ಒತ್ತಿದ ಮೇಲೆ ಶಟರ್ ಬೀಳುವುದು ಕೂದಲೆಳೆಯಷ್ಟು ತಡವಾಗುತ್ತದೆ, ಅಷ್ಟೇ.

ರಾಕ್ಷಸ ವೇಷದ ಪ್ರವೇಶಕ್ಕೆ ಬೇರೆಯೇ ಸಿದ್ಧತೆ ಬೇಕು. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಜ್ವಾಲೆ ಭಗ್ಗನೆದ್ದು ಅರೆಕ್ಷಣದಲ್ಲಿ ಆರುತ್ತದೆ. ಅಷ್ಟರಲ್ಲಿ ಅಂಕಿ ಬದಲಿಸಲು ಯಾರಿಂದಲೂ ಆಗದು. ತೆರೆ ಹಿಡಿದುಕೊಂಡು ಬರುವುದು ಕಂಡ ಕೂಡಲೇ ನಾನು ಐಎಸ್‌ಒವನ್ನು ಎರಡು ಸ್ಟಾಪ್ ಇಳಿಸಿ ಕಾಯುತ್ತೇನೆ. ಈ ರಾಕ್ಷಸ ಪಾತ್ರಗಳ, ಎಂದರೆ ಬಣ್ಣದ ವೇಷದ ವಿಷಯದಲ್ಲಿ ಕ್ಯಾಮೆರಾದ ಮುಖ ಗುರುತಿಸುವ ಜಾಣತನವನ್ನೂ ನಂಬಬೇಡಿ. ಅಕ್ಕಿ ಹಿಟ್ಟಿನ ಉಬ್ಬು ಚುಕ್ಕಿಗಳ ಚಿಟ್ಟಿ ಇಟ್ಟ ಮುಖವನ್ನು ನನ್ನ ಕ್ಯಾಮೆರಾ ಒಮ್ಮೆಯೂ ಮುಖವೆಂದು ಒಪ್ಪಿಕೊಂಡಿಲ್ಲ. ಹಿಂದೆ ಕುಳಿತ ಭಾಗವತರ ಮೇಲೆ ಫೋಕಸ್ ಹೋಗಿ ನಿಲ್ಲುತ್ತದೆ. ಒಂದೇ ಫೋಕಸ್ ಬಿಂದುವನ್ನು ಆರಿಸಿಕೊಂಡು ಕಣ್ಣಿನ ಮೇಲೆ ನೀವೇ ಇಡುವುದು ಒಳ್ಳೆಯದು.

ಕೆಂಪು ಮುದ್ದೆಯ ಬಗ್ಗೆ ಯಾರೂ ಹೇಳಿಲ್ಲ. ಸೆನ್ಸರಿಗೆ ಸ್ವತಃ ಬಣ್ಣ ತಿಳಿಯುವುದಿಲ್ಲ. ಅದರ ಮೇಲೆ ಚಿಕ್ಕ ಚಿಕ್ಕ ಬಣ್ಣದ ಶೋಧಕಗಳ ಹಾಸು ಇರುತ್ತದೆ. ಕೊಡಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಆ ವಿನ್ಯಾಸದಲ್ಲಿ ಅರ್ಧದಷ್ಟು ಹಸಿರು, ಕಾಲು ಕೆಂಪು, ಕಾಲು ನೀಲಿ. ಹೀಗಾಗಿ ಮೇಷ್ಟ್ರ 24 ಮೆಗಾಪಿಕ್ಸೆಲ್‌ನಲ್ಲಿ ಕೆಂಪನ್ನು ನೇರವಾಗಿ ಅಳೆಯುವವು ಕೇವಲ 60 ಲಕ್ಷ. ಕೆಂಪು ಬಟ್ಟೆಯ ಮೇಲೆ ಹಳದಿಗೆ ವಾಲಿದ ಬೆಳಕು ಬಿದ್ದಾಗ ಈ 60 ಲಕ್ಷವೇ ಎಲ್ಲಕ್ಕಿಂತ ಮೊದಲು ತುಂಬಿ ತುಳುಕುತ್ತವೆ. ತುಳುಕಿದ ಮೇಲೆ ನೆರಿಗೆಯೂ ಒಂದೇ, ಚೌಕುಳಿಯೂ ಒಂದೇ. ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ನಕ್ಷೆಯಾದ ಸಾಮಾನ್ಯ ಹಿಸ್ಟೋಗ್ರಾಮ್‌ನಲ್ಲಿ ಇದು ಗೊತ್ತಾಗುವುದಿಲ್ಲ, ಏಕೆಂದರೆ ಅದರಲ್ಲಿ ಹಸಿರಿನದೇ ಮೇಲುಗೈ. ಮೂರು ಬಣ್ಣಗಳ ಹಿಸ್ಟೋಗ್ರಾಮ್ ಹಾಕಿಕೊಂಡು ಕೆಂಪು ನಕ್ಷೆಯ ಬಲತುದಿಯ ಗೋಡೆಗೆ ಬಡಿಯದಂತೆ ನೋಡಿಕೊಳ್ಳಿ. ಸೆನ್ಸರಿನ ಮಾಹಿತಿಯನ್ನು ಹಾಗೆಯೇ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ. ಬಣ್ಣವನ್ನು ಎತ್ತಿ ತೋರಿಸುವ ವಿವಿಡ್ ಶೈಲಿಯನ್ನು ತೆಗೆದು ನ್ಯೂಟ್ರಲ್‌ಗೆ ಬನ್ನಿ.

ಡೊಂಬಿವಲಿಯ ಓದುಗ:

ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬರುತ್ತವಲ್ಲ, ಆ ಆಟಗಳನ್ನು ಸಭಾಂಗಣಗಳಲ್ಲಿ ತೆಗೆಯುವವನು ನಾನು. ಇಲ್ಲಿ ಬೆಳಕು ಸ್ಥಿರವಾಗಿರುವುದಿಲ್ಲ. ಯುದ್ಧಕ್ಕೆ ಕೆಂಪು, ವಿರಹಕ್ಕೆ ನೀಲಿ ಎಂದು ದೀಪದವರು ತಮಗೆ ತೋಚಿದಂತೆ ಬಣ್ಣ ಸುರಿಯುತ್ತಾರೆ. ಅಚ್ಚ ನೀಲಿ ದೀಪದ ಕೆಳಗೆ ನಿಂತ ಮುಖದ ಚಿತ್ರದಲ್ಲಿ ನೀಲಿಯ ಹೊರತು ಬೇರೆ ಮಾಹಿತಿಯೇ ಇರುವುದಿಲ್ಲ, ರಾ ಫೈಲ್ ಇದ್ದರೂ ಅದನ್ನು ಚರ್ಮದ ಬಣ್ಣಕ್ಕೆ ತರಲಾಗದು. ಅಂಥವನ್ನು ನಾನು ಕಪ್ಪುಬಿಳುಪು ಮಾಡಿಬಿಡುತ್ತೇನೆ. ಯಕ್ಷಗಾನದ ಕಪ್ಪುಬಿಳುಪು ಚಿತ್ರ ಎಂದರೆ ಉಪ್ಪಿಲ್ಲದ ಊಟ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ತಪ್ಪಲ್ಲ.

ಕೋಟೇಶ್ವರದ ಮೇಷ್ಟ್ರು:

ವರದಿ ಒಪ್ಪಿಸುತ್ತಿದ್ದೇನೆ. ಪರಿಚಿತರಿಂದ ಹಳೆಯ 50 ಮಿ.ಮೀ. ಲೆನ್ಸ್ ಕೊಂಡೆ. ಮೊನ್ನೆಯ ಆಟದಲ್ಲಿ ಬಾಲಗೋಪಾಲರು ಕುಣಿಯುವಾಗಲೇ ಎಫ್ 2, 1/100, ಐಎಸ್‌ಒ 800 ಎಂದು ಲೆಕ್ಕ ಕೂಡಿತು. ಹನ್ನೆರಡು ಸಾವಿರದಿಂದ ಎಂಟುನೂರಕ್ಕೆ ಇಳಿದದ್ದನ್ನು ನಾನು ಎರಡು ಸಲ ಪರೀಕ್ಷಿಸಿ ನೋಡಿದೆ. ಪಟ್ಟಿ ಒಂದೂ ಇಲ್ಲ. ಕಸೆಯ ಚೌಕುಳಿ ಎಣಿಸಬಹುದು.

ಚಂಡೆಯವರು ಹೇಳಿದಂತೆ ಮೊದಲ ಅರ್ಧ ಗಂಟೆ ಕ್ಯಾಮೆರಾ ಮುಟ್ಟಲಿಲ್ಲ. ಆಮೇಲೆ ತೆಗೆದ ಮೊದಲ ಮೂವತ್ತು ಚಿತ್ರಗಳಲ್ಲಿ ನನ್ನ ಬೆರಳು ಪ್ರತಿ ಸಲವೂ ತಡವಾಯಿತು. ವೇಷ ಆಗಲೇ ಮುಂದಿನ ಹೆಜ್ಜೆಗೆ ಭುಜ ಸಡಿಲಿಸಿರುತ್ತಿತ್ತು. ಕೊನೆಯ ಪೆಟ್ಟನ್ನು ಕೇಳಿ ಒತ್ತಿದರೆ ತಡ, ಅದಕ್ಕೆ ಮುಂಚಿನದನ್ನು ಕೇಳಿ ಒತ್ತಬೇಕು ಎಂದು ತಿಳಿಯುವ ಹೊತ್ತಿಗೆ ಎರಡು ಗಂಟೆ ದಾಟಿತ್ತು. ಅಲ್ಲಿಂದ ಬೆಳಗಿನವರೆಗೆ ತೆಗೆದದ್ದು ತೊಂಬತ್ತು ಚಿತ್ರ, ಉಳಿಸಿಕೊಂಡದ್ದು ಇಪ್ಪತ್ತೆರಡು. ಅವುಗಳಲ್ಲಿ ಒಂದರಲ್ಲಿ ಪುಂಡುವೇಷದ, ಎಂದರೆ ಚುರುಕಿನ ತರುಣ ವೀರನ ಪಾತ್ರದ ಬಲಗೈಯ ಐದೂ ಬೆರಳು ಬಿಡಿಬಿಡಿಯಾಗಿವೆ, ಕಾಲಿನ ಗೆಜ್ಜೆ ಮಾತ್ರ ಇನ್ನೂ ನಡುಗುತ್ತಿದ್ದು ಮಸುಕಾಗಿದೆ. ಮಸುಕು ಹೀಗೂ ಚೆನ್ನಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಎರಡು ಹೊಸ ಪ್ರಶ್ನೆಗಳು. ಮೊದಲನೆಯದು, ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆಯ ನಂತರ ನಾಲ್ಕೈದು ತಿಂಗಳು ಆಟವಿಲ್ಲ. ಆ ಮಳೆಯಲ್ಲಿ ಲೆನ್ಸನ್ನು ಹೇಗೆ ಇಡಬೇಕು? ನಮ್ಮ ಮನೆಯವರು ಅಕ್ಕಿ ಡಬ್ಬಿಯಲ್ಲಿ ಹುಗಿದಿಡಿ ಎನ್ನುತ್ತಾರೆ. ಎರಡನೆಯದು, ಒಂದೇ ಆಟದ ಚಿತ್ರಗಳು ಕಂಪ್ಯೂಟರಿನಲ್ಲಿ ಎರಡು ದಿನಾಂಕಗಳ ಕೆಳಗೆ ಹಂಚಿಹೋಗಿವೆ.

ಪುತ್ತೂರಿನವಳು:

ಅಕ್ಕಿ ಖಂಡಿತ ಬೇಡ. ಅದು ತೇವವನ್ನು ಎಳೆಯುವುದು ತೀರಾ ಕಡಿಮೆ, ಮೇಲಾಗಿ ಅದರ ಹುಡಿ ಲೆನ್ಸಿನ ಉಂಗುರಗಳ ಸಂದಿಗೆ ಸೇರುತ್ತದೆ. ಚರ್ಮದ ಚೀಲದಲ್ಲಿ ಇಡುವುದು ಇನ್ನೂ ಕೆಟ್ಟದ್ದು. ನನ್ನ ಮೊದಲ ಲೆನ್ಸ್ ಒಂದೇ ಮಳೆಗಾಲದಲ್ಲಿ ಹಾಗೆ ಹೋಯಿತು. ಟಾರ್ಚ್ ಹಿಡಿದು ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತಹ ಎಳೆಗಳು. ಅದು ಬೂಷ್ಟು, ಗಾಜಿನ ಮೇಲಿನ ಲೇಪವನ್ನೇ ಅದು ಕೆಡಿಸುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವಾಂಶ ತೋರಿಸುವ ಪುಟ್ಟ ಮಾಪಕ ಮತ್ತು ಒಂದು ಹಿಡಿ ಸಿಲಿಕಾ ಜೆಲ್ ಇದ್ದರೆ ಸಾಕು. ಮಾಪಕದ ಅಂಕಿ ಶೇಕಡಾ 40ರಿಂದ 50ರ ನಡುವೆ ಇರಲಿ. ಕಿತ್ತಳೆ ಬಣ್ಣದ ಜೆಲ್ ತೇವ ಕುಡಿದು ಹಸಿರಾದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆಯಾಗುತ್ತದೆ. ಆ ಬಾಣಲೆಯನ್ನು ಮಾತ್ರ ಅಡಿಗೆಮನೆಗೆ ಹಿಂದಿರುಗಿಸಬೇಡಿ. ವಾರಕ್ಕೊಮ್ಮೆ ಕ್ಯಾಮೆರಾವನ್ನು ಹೊರಗೆ ತೆಗೆದು, ಮಳೆ ಬಿಟ್ಟ ಹೊತ್ತಿನಲ್ಲಿ ಅಂಗಳದ ದಾಸವಾಳವನ್ನಾದರೂ ತೆಗೆಯಿರಿ.

ಐವತ್ತು ಹರ್ಟ್ಸ್:

ದಿನಾಂಕದ ತೊಂದರೆ ಎಲ್ಲ ಆಟದ ಚಿತ್ರಗಾರರಿಗೂ ಇದ್ದದ್ದೇ. ಕ್ಯಾಮೆರಾದ ಗಡಿಯಾರ ಹನ್ನೆರಡಕ್ಕೆ ದಿನ ಬದಲಿಸುತ್ತದೆ, ನಮಗೆ ಆಟ ಮುಗಿದ ಮೇಲೆ ದಿನ ಬದಲಾಗುತ್ತದೆ. ಗಡಿಯಾರವನ್ನು ತಪ್ಪಾಗಿ ಇಡಬೇಡಿ. ಅದು ಸರಿಯಾಗಿಯೇ ಇರಲಿ. ಕಂಪ್ಯೂಟರಿಗೆ ಹಾಕುವಾಗ ಆಟ ಶುರುವಾದ ದಿನಾಂಕ, ಊರು ಮತ್ತು ಪ್ರಸಂಗದ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ಸುರಿಯಿರಿ. ವೇಷಧಾರಿಗಳ ಹೆಸರನ್ನು ಫೈಲಿನ ವಿವರಣೆಯಲ್ಲಿ ಆ ವಾರವೇ ಬರೆಯಿರಿ.

ಚಂಡೆಯವ:

ಹೆಸರು ಬರೆಯುವ ವಿಷಯ ಬಂದದ್ದರಿಂದ ಇನ್ನೊಂದು. ಚಿತ್ರವನ್ನು ಆ ಕಲಾವಿದರಿಗೂ ಕಳುಹಿಸಿ. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳುಹಿಸಿದರೆ ಅದು ಕುಗ್ಗಿ ಬರುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ಬರುತ್ತದೆ. ನಮ್ಮ ಮೇಳದ ಹುಡುಗರು ಬ್ಯಾನರಿಗೆ ಹಾಕಲು ಅಂಥದ್ದನ್ನೇ ಕೇಳುತ್ತಾರೆ. ವೇಷ ಕಟ್ಟುವ ಚೌಕಿಯೊಳಗೆ ಚಿತ್ರ ತೆಗೆಯುವುದಾದರೆ ಮೊದಲು ಕೇಳಿ. ಬಣ್ಣ ಹಚ್ಚುವಾಗ ಬೇಡ ಎನ್ನುವವರು ಕಡಿಮೆ, ಬಣ್ಣ ತೆಗೆಯುವಾಗ ಬೇಡ ಎನ್ನುವವರೇ ಹೆಚ್ಚು.

ಕೋಟೇಶ್ವರದ ಮೇಷ್ಟ್ರು:

ಡಬ್ಬಿ ಮತ್ತು ಜೆಲ್ ತರಿಸಿದೆ. ಬೆರಳುಗಳು ಬಿಡಿಬಿಡಿಯಾಗಿ ಬಂದ ಆ ಚಿತ್ರವನ್ನು ಮೇಳದ ವ್ಯವಸ್ಥಾಪಕರ ಮೂಲಕ ಕಲಾವಿದರಿಗೆ ಕಳುಹಿಸಿದೆ. ಅವರು ನೋಡಿ ಹೇಳಿ ಕಳುಹಿಸಿದ್ದು ಒಂದೇ ಮಾತು: ಎಡಗಾಲು ಇನ್ನೂ ಒಂದು ಗೇಣು ಮುಂದಿರಬೇಕಿತ್ತು, ಮುಂದಿನ ಆಟದಲ್ಲಿ ಸರಿಮಾಡಿಕೊಳ್ಳುತ್ತೇನೆ ಎಂದು.